ಮ್ಯಾಟ್ರಿಕ್ಸ್ ಅಂದ್ರೆ ನಮ್ಮ ಮಾಯೆನಾ? ದಾಸರು ಕಂಡ ಜಗತ್ತು

 

ಹರಿದಾಸರ ಪಾದಗಳಿಗೆ ನಮಸ್ಕರಿಸಿ, ಈ ಸಲ ಸ್ವಲ್ಪ ಬೇರೆ ಥರದ ವಿಷಯ ಎತ್ತಿಕೊಂಡಿದ್ದೇನೆ. ಎಂದಿನಂತೆ ಒಂದು ಕೀರ್ತನೆಯ ಅರ್ಥ ಬಿಡಿಸುವ ಬರಹ ಇದಲ್ಲ. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಾ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಭಜನೆಗೆ ಸೇರುವ ನಮ್ಮಂಥವರ ಮನೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ ಇದೆ. "ಮ್ಯಾಟ್ರಿಕ್ಸ್ ಸಿನಿಮಾದಲ್ಲಿ ತೋರಿಸೋದು ನಮ್ಮ ಮಾಯೆನೇ ತಾನೇ?" ಕಾಲೇಜಿಗೆ ಹೋಗೋ ಮಕ್ಕಳು ಕೇಳ್ತಾರೆ. ದೊಡ್ಡವರು "ಹೌದಪ್ಪಾ, ನಮ್ಮ ಋಷಿಗಳು ಇದನ್ನ ಸಾವಿರಾರು ವರ್ಷದ ಹಿಂದೇನೇ ಹೇಳಿಬಿಟ್ಟಿದ್ರು" ಅಂತ ಹೆಮ್ಮೆಯಿಂದ ತಲೆ ಆಡಿಸ್ತಾರೆ. ಮಗು ಹೇಗೋ ನಮ್ಮ ಶಾಸ್ತ್ರದ ಕಡೆ ತಿರುಗಿತಲ್ಲ ಅನ್ನೋ ಸಂತೋಷ ಅವರಿಗೆ.

ಆ ಮಾತು ಮುಗಿದು ಐದು ನಿಮಿಷಕ್ಕೆ ತಾಳ ಕೈಗೆತ್ತಿಕೊಂಡು ನಾವು ಹಾಡೋದು ಪುರಂದರದಾಸರನ್ನು, ಕನಕದಾಸರನ್ನು, ವಿಜಯದಾಸರನ್ನು. ಈ ದಾಸವರೇಣ್ಯರು ಆ ಉತ್ತರವನ್ನು ಒಪ್ಪುತ್ತಿದ್ದರಾ? ನನಗೆ ತಿಳಿದ ಮಟ್ಟಿಗೆ ಖಂಡಿತ ಒಪ್ಪುತ್ತಿರಲಿಲ್ಲ. ಇದು ಪಂಡಿತರ ವಾಕ್ಯಾರ್ಥಕ್ಕೆ ಮಾತ್ರ ಸೇರಿದ ಸೂಕ್ಷ್ಮ ಅಂತ ಬದಿಗಿಡೋ ಹಾಗೂ ಇಲ್ಲ. ಕಣ್ಣೆದುರಿನ ಜಗತ್ತು ಸುಳ್ಳು ಅಂದುಕೊಂಡವನು ಎದುರಿಗಿರೋ ಮನುಷ್ಯನ ಜೊತೆ ಹೇಗೆ ನಡೆದುಕೊಳ್ತಾನೆ ಅನ್ನೋ ಪ್ರಶ್ನೆ ಇದರೊಳಗೇ ಕೂತಿದೆ.

ಸಿನಿಮಾದಲ್ಲಿ ಇರೋದೇನು?

ನೋಡದವರಿಗಾಗಿ ನಾಲ್ಕು ಮಾತು. 1999ರಲ್ಲಿ ಬಂದ ಸಿನಿಮಾ, ತೆಗೆದವರು ವಚೋವ್ಸ್ಕಿಗಳು. ಒಬ್ಬ ಸಾಫ್ಟ್‌ವೇರ್ ಉದ್ಯೋಗಿ (ಇಲ್ಲಿ ನಮ್ಮಲ್ಲಿ ಅರ್ಧ ಜನ ಅದೇ ಕೆಲಸದವರು!) ಹಗಲಲ್ಲಿ ಆಫೀಸು, ರಾತ್ರಿ ಹ್ಯಾಕಿಂಗು ಅಂತ ಇರ್ತಾನೆ. ರಾತ್ರಿಯ ಹೆಸರು ನಿಯೋ. ಏನೋ ಸರಿಯಿಲ್ಲ ಅನ್ನೋ ಕೊರೆತ ಅವನಿಗೆ. ಮಾರ್ಫಿಯಸ್ ಅನ್ನೋನು ಸಿಕ್ಕಿ, ಎರಡು ಮಾತ್ರೆ ಮುಂದಿಡ್ತಾನೆ. ನೀಲಿ ನುಂಗಿದರೆ ಹಳೆಯ ಬದುಕು, ಕೆಂಪು ನುಂಗಿದರೆ ಸತ್ಯ. ಕೆಂಪು ನುಂಗಿದ ಮೇಲೆ ಗೊತ್ತಾಗೋದು: ತಾನು ಬದುಕಿದ್ದ ಊರು, ಆಫೀಸು, ಮಳೆ, ಊಟ ಎಲ್ಲವೂ ಯಂತ್ರಗಳು ಮನುಷ್ಯರ ಮೆದುಳಿಗೆ ಕಳಿಸುತ್ತಿದ್ದ ಕಂಪ್ಯೂಟರ್ ಚಿತ್ರ. ನಿಜವಾದ ದೇಹ ಒಂದು ತೊಟ್ಟಿಯಲ್ಲಿ ಮಲಗಿದೆ, ಅದರ ಶಾಖದಿಂದ ಯಂತ್ರಗಳು ವಿದ್ಯುತ್ತು ತೆಗೀತಿವೆ.

ಮಕ್ಕಳ ಊಹೆಗೆ ಆಧಾರವೇ ಇಲ್ಲ ಅನ್ನೋ ಹಾಗಿಲ್ಲ. 2003ರಲ್ಲಿ ಬಂದ ಮೂರನೇ ಭಾಗದ ಸಂಗೀತದಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯೇ ಕೇಳಿಸುತ್ತೆ. ಅದೇ ಭಾಗದಲ್ಲಿ ಒಂದು ರೈಲ್ವೆ ನಿಲ್ದಾಣದಲ್ಲಿ ನಿಯೋಗೆ ಒಂದು ಭಾರತೀಯ ಕುಟುಂಬ ಸಿಗುತ್ತೆ. ಅಪ್ಪನ ಹೆಸರು ರಾಮ ಕಾಂಡ್ರ (ನಮ್ಮ ರಾಮಚಂದ್ರನೇ ಇರಬೇಕು), ಅಮ್ಮ ಕಮಲಾ, ಮಗಳು ಸತಿ. ಅವರು ಮನುಷ್ಯರಲ್ಲ, ಕಂಪ್ಯೂಟರ್ ಪ್ರೋಗ್ರಾಮುಗಳು. ಅಪ್ಪ ಕರ್ಮದ ಬಗ್ಗೆ ಮಾತಾಡ್ತಾನೆ. ಇಷ್ಟೆಲ್ಲ ಇಟ್ಟು ತೆಗೆದ ಸಿನಿಮಾ ನೋಡಿ ನಮ್ಮ ಮಕ್ಕಳು ಮಾಯೆಯನ್ನು ನೆನೆಸಿಕೊಂಡರೆ ಅದು ಅವರ ತಪ್ಪಲ್ಲ.

ಒಂದು ಮಾತು ಮಾತ್ರ ಇಲ್ಲೇ ಹೇಳಿಬಿಡ್ತೀನಿ. ಅಸತ್ತಿನಿಂದ ಸತ್ತಿಗೆ ಕರೆದೊಯ್ಯಿ ಅನ್ನೋ ಆ ಪ್ರಾರ್ಥನೆಗೆ ಉಪನಿಷತ್ತು ತಾನೇ ಅರ್ಥ ಕೊಟ್ಟಿದೆ. ಅಲ್ಲಿ ಅಸತ್ ಅಂದರೆ ಮೃತ್ಯು, ಸತ್ ಅಂದರೆ ಅಮೃತ. ಸುಳ್ಳು ಚಿತ್ರದಿಂದ ನಿಜವಾದ ಊರಿಗೆ ಕರೆದೊಯ್ಯಿ ಅನ್ನೋ ಬೇಡಿಕೆ ಅಲ್ಲಿಲ್ಲ.

ಯಾರ ಮನೆಯ ಮಾಯೆ?

ಮಾಯೆ ಅನ್ನೋ ಶಬ್ದ ಒಂದೇ ಆದರೂ ಅರ್ಥ ಮನೆಮನೆಗೆ ಬೇರೆ. ಅದ್ವೈತಿಗಳಿಗೂ ಮ್ಯಾಟ್ರಿಕ್ಸ್ ಸರಿಹೊಂದಲ್ಲ ಅನ್ನೋದನ್ನ ಮೊದಲು ಹೇಳೋದು ನ್ಯಾಯ. ಅವರು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಅಂತ ಮೂರು ಮಟ್ಟ ಮಾಡ್ತಾರೆ. ಹಗ್ಗದಲ್ಲಿ ಕಂಡ ಹಾವು ಪ್ರಾತಿಭಾಸಿಕ. ನಾವು ನಡೆದಾಡುವ ಈ ಜಗತ್ತು ವ್ಯಾವಹಾರಿಕ, ಇಲ್ಲಿ ಹಸಿವು, ಕರ್ತವ್ಯ, ಪಾಪ, ಪುಣ್ಯ ಎಲ್ಲ ಇದ್ದೇ ಇದೆ. ನಿಯೋ ಎದ್ದದ್ದು ಬ್ರಹ್ಮದಲ್ಲಲ್ಲ, ಇನ್ನೊಂದು ದೇಹದಲ್ಲಿ, ಇನ್ನೊಂದು ಊರಲ್ಲಿ. ಅಲ್ಲೂ ಹಸಿವು, ಚಳಿ, ಯುದ್ಧ ಇದ್ದವು. ಅದನ್ನು ಯಾವ ಅದ್ವೈತಿಯೂ ಮೋಕ್ಷ ಅನ್ನಲಾರ.

ಇನ್ನು ನಮ್ಮ ದಾಸರ ಮನೆಗೆ ಬರೋಣ. ದಾಸಕೂಟ ನಿಂತಿರೋದು ಶ್ರೀಮದಾಚಾರ್ಯರ ಸಿದ್ಧಾಂತದ ಮೇಲೆ. ಪುರಂದರದಾಸರ ಗುರುಗಳು ವ್ಯಾಸರಾಯರು. ಅವರ ನ್ಯಾಯಾಮೃತದ ಮೊದಲ ಪರಿಚ್ಛೇದದ ದೊಡ್ಡ ಕೆಲಸವೇ ಜಗತ್ತು ಮಿಥ್ಯೆ ಅನ್ನೋ ಮಾತನ್ನು ಒಂದೊಂದು ಲಕ್ಷಣವಾಗಿ ಹಿಡಿದು ಪರೀಕ್ಷಿಸಿ ಖಂಡಿಸೋದು. ಆ ಗುರುಗಳ ಹತ್ತಿರ ಅಂಕಿತ ಪಡೆದು, ಗೆಜ್ಜೆ ಕಟ್ಟಿ ಬೀದಿಗಿಳಿದ ಶಿಷ್ಯರು ಜಗತ್ತು ಸುಳ್ಳು ಅಂತ ಹಾಡೋದುಂಟೇ? ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೆ, ಜೀವಕ್ಕೂ ಜಡಕ್ಕೂ, ಜಡಜಡಗಳಿಗೆ ಇರುವ ಐದು ಭೇದಗಳೂ ಸತ್ಯ ಅನ್ನೋದು ಈ ಮನೆಯ ಅಡಿಪಾಯ.

ಹಾಗಾದರೆ ಮಾಯೆ? ಆಚಾರ್ಯರ ಅರ್ಥದಲ್ಲಿ ಮಾಯೆ ಅಂದರೆ ಹರಿಯ ಇಚ್ಛೆ, ಅವನ ಸಾಮರ್ಥ್ಯ. ಆ ಇಚ್ಛೆಗೆ ಅಧೀನವಾದ ಪ್ರಕೃತಿಗೂ ಆ ಹೆಸರು ಸಲ್ಲುತ್ತೆ, ಪ್ರಕೃತಿಗೆ ಅಭಿಮಾನಿನಿ ಮಹಾಲಕ್ಷ್ಮೀದೇವಿ. ಮಾಯೆ ಮತ್ತು ದೇವರಲ್ಲಿ ಯಾವುದರೊಳಗೆ ಯಾವುದಿದೆ ಅಂತ ಕೇಳುತ್ತಲೇ ಹೋಗುವ ಕನಕದಾಸರ ಕೀರ್ತನೆಯನ್ನು ನಾವೆಲ್ಲ ಹಾಡಿದ್ದೇವೆ. ಅದರಲ್ಲಿ ಮಾಯೆ ಯಾರೋ ಮಾಡಿದ ಮೋಸದ ಪರದೆಯಾಗಿ ಬರೋದಿಲ್ಲ. ಕೊನೆಗೆ ಎಲ್ಲವೂ ಹರಿಯೊಳಗೇ ಅನ್ನೋ ಕಡೆಗೆ ನಮ್ಮನ್ನು ನಡೆಸಿಕೊಂಡು ಹೋಗುತ್ತೆ. ಮ್ಯಾಟ್ರಿಕ್ಸ್‌ನಲ್ಲಿ ಯಂತ್ರಗಳು ಪರದೆ ಕಟ್ಟಿದ್ದು ಮನುಷ್ಯನನ್ನು ಹೀರೋದಕ್ಕೆ. ಹರಿ ಜಗತ್ತನ್ನು ಸೃಷ್ಟಿಸಿದ್ದು ತನಗೆ ಏನೋ ಬೇಕಾಗಿ ಅಲ್ಲ, ಜೀವರ ಸಾಧನೆಗಾಗಿ. ಎರಡನ್ನೂ ಒಂದೇ ಹೆಸರಿಂದ ಕರೆದರೆ ದೇವರನ್ನು ಕಳ್ಳ ಅಂದ ಹಾಗಾಗುತ್ತೆ. ಬೆಣ್ಣೆ ಕಳ್ಳ ಅನ್ನೋದು ಬೇರೆ ವಿಷಯ ಬಿಡಿ!

ಬಾಡಿಗೆ ಮನೆ

ಇಲ್ಲಿ ಓದುಗರಲ್ಲಿ ಯಾರಾದರೂ ತಡೆದು ಕೇಳಬಹುದು. "ಅಲ್ಲ ಸ್ವಾಮಿ, ದಾಸರ ವೈರಾಗ್ಯದ ಪದಗಳಲ್ಲಿ ಹೆಂಡತಿ ಮಕ್ಕಳು ಹಣ ಮನೆ ಯಾವುದೂ ನಿನ್ನದಲ್ಲ, ಯಾವುದೂ ಉಳಿಯಲ್ಲ ಅಂತಾರಲ್ಲ? ಅದು ಜಗತ್ತು ಸುಳ್ಳು ಅಂದ ಹಾಗೇ ಆಗಲಿಲ್ವಾ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನಮ್ಮೆಲ್ಲರ ಅನುಭವದಲ್ಲೇ ಇದೆ. ನಮ್ಮಲ್ಲಿ ಬಹಳ ಜನ ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿದ್ದವರು. ಬಾಡಿಗೆ ಮನೆ ಸುಳ್ಳಾ? ಚಳಿಗಾಲದಲ್ಲಿ ಅದರ ಹೀಟರ್ ನಿಂತರೆ ಆಗೋ ನಡುಕ ಸುಳ್ಳಾ? ಮಗು ಅಲ್ಲೇ ಮೊದಲ ಹೆಜ್ಜೆ ಇಟ್ಟಿತು, ಅದು ಸುಳ್ಳಾ? ಎಲ್ಲ ನಿಜ. ಆದರೆ ಮನೆ ನನ್ನದಲ್ಲ. ಗೋಡೆ ಒಡೆದು ಕಿಟಕಿ ಮಾಡೋ ಅಧಿಕಾರ ನನಗಿಲ್ಲ. ಕರಾರು ಮುಗಿದ ದಿನ ಬೀಗದಕೈ ಒಪ್ಪಿಸಿ, ಹೇಗೆ ತೆಗೆದುಕೊಂಡೆನೋ ಹಾಗೇ ಒಪ್ಪಿಸಬೇಕು.

ದಾಸರು ಹೇಳೋದು ಇದೇ. ಇದೆಯೋ ಇಲ್ಲವೋ ಅನ್ನೋದು ಒಂದು ಪ್ರಶ್ನೆ. ಎಷ್ಟು ದಿನ ಇರುತ್ತೆ ಅನ್ನೋದು ಇನ್ನೊಂದು. ಯಾರದು ಅನ್ನೋದು ಮೂರನೆಯದು. ಜಗತ್ತು ಇದೆ, ಆದ್ದರಿಂದ ಸತ್ಯ. ಅದರಲ್ಲಿ ನಾವು ಹಿಡಿದುಕೊಳ್ಳೋ ವಸ್ತುಗಳು ಉಳಿಯಲ್ಲ, ಆದ್ದರಿಂದ ಅನಿತ್ಯ. ಎಲ್ಲವೂ ಹರಿಯ ಅಧೀನ, ಆದ್ದರಿಂದ ಪರತಂತ್ರ. ಆಚಾರ್ಯರು ತತ್ತ್ವಸಂಖ್ಯಾನದಲ್ಲಿ ಇರುವುದನ್ನೆಲ್ಲ ವಿಂಗಡಿಸೋಕೆ ಹೊರಟಾಗ ಮೊದಲು ಎಳೆದ ಗೆರೆಯೇ ಸ್ವತಂತ್ರ, ಅಸ್ವತಂತ್ರ ಅನ್ನೋದು. ಸ್ವತಂತ್ರ ಒಬ್ಬನೇ, ಶ್ರೀಮನ್ನಾರಾಯಣ. ಉಳಿದಿದ್ದೆಲ್ಲ, ಬ್ರಹ್ಮದೇವರಿಂದ ಹಿಡಿದು ಹುಲ್ಲುಕಡ್ಡಿಯ ತನಕ, ಅವನನ್ನು ನೆಚ್ಚಿಕೊಂಡು ಇರುವಂಥದ್ದು.

ಸಿನಿಮಾ ಕೇಳೋ ಪ್ರಶ್ನೆ "ಇದು ನಿಜವಾ?" ಅಂತ. ದಾಸರು ಕೇಳೋದು "ಇದು ಯಾರದು?" ಅಂತ. ಎರಡನೇ ಪ್ರಶ್ನೆ ಹೆಚ್ಚು ಕಷ್ಟದ್ದು, ಯಾಕೆಂದರೆ ಅದಕ್ಕೆ ಉತ್ತರ ಗೊತ್ತಾದ ಮೇಲೆ ನಮ್ಮ ನಡವಳಿಕೆ ಬದಲಾಗಬೇಕಾಗುತ್ತೆ.

ಪುರಂದರದಾಸರ ಮೂಗುತಿಯ ಕತೆಯನ್ನೇ ನೋಡಿ. ಚಿನಿವಾರ ಶ್ರೀನಿವಾಸನಾಯಕನ ಅಂಗಡಿಗೆ ಬಂದ ಮೂಗುತಿ ತನ್ನ ಹೆಂಡತಿಯದೇ ಅಂತ ಗುರುತು ಸಿಕ್ಕಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಓಡಿ ಬರ್ತಾನೆ. ಮನೆಯಲ್ಲಿ ವಿಷದ ಬಟ್ಟಲಿನಲ್ಲಿ ಅದೇ ಮೂಗುತಿ. ಅಂಗಡಿಗೆ ಹೋಗಿ ನೋಡಿದರೆ ಪೆಟ್ಟಿಗೆ ಖಾಲಿ. ಈ ಕತೆ ಕೇಳಿದ ಯಾರೂ "ಮೂಗುತಿಯೇ ಇರಲಿಲ್ಲ, ಬರೀ ಭ್ರಮೆ" ಅಂತ ಅರ್ಥ ಮಾಡಿಕೊಳ್ಳಲ್ಲ. ಚಿನ್ನ ಚಿನ್ನವೇ. ಅದರ ಒಡೆಯ ತಾನು ಅಂತ ತಿಳಿದಿದ್ದ ನಾಯಕನಿಗೆ ನಿಜವಾದ ಒಡೆಯ ಯಾರು ಅಂತ ಅವತ್ತು ಗೊತ್ತಾಯಿತು. ಆಮೇಲೆ ಅವರು ಸಂಪತ್ತನ್ನು ಸುಳ್ಳು ಅಂತ ಬಿಟ್ಟು ಹೋಗಲಿಲ್ಲ, ದಾನ ಮಾಡಿ ಹೋದರು. ಸುಳ್ಳು ವಸ್ತುವನ್ನ ಯಾರಿಗಾದರೂ ದಾನ ಮಾಡೋಕಾಗುತ್ತಾ?

ಕನಸು, ಕಪ್ಪೆಚಿಪ್ಪು, ಕಂಪ್ಯೂಟರ್

ಈಗ ಮಕ್ಕಳ ಮುಂದಿನ ವಾದ. "ಸರಿ, ಆದರೆ ನಾವಿರೋದೂ ಸಿಮ್ಯುಲೇಷನ್ ಆಗಿದ್ರೆ?" ಇದು ಸಿನಿಮಾದ ಹುಚ್ಚು ಮಾತ್ರ ಅಲ್ಲ. ನಿಕ್ ಬಾಸ್ಟ್ರಮ್ ಅನ್ನೋ ತತ್ತ್ವಶಾಸ್ತ್ರಜ್ಞ 2003ರಲ್ಲಿ ಒಂದು ಲೇಖನ ಬರೆದರು. ಅವರ ವಾದದ ತಿರುಳು ಇದು: ಒಂದೋ ನಮ್ಮಂಥ ಜನ ಅಷ್ಟು ಶಕ್ತಿಯ ಕಂಪ್ಯೂಟರ್ ಕಟ್ಟೋ ಮೊದಲೇ ನಾಶವಾಗ್ತಾರೆ, ಇಲ್ಲಾ ಕಟ್ಟಿದರೂ ಇಂಥ ಜಗತ್ತುಗಳನ್ನು ಓಡಿಸೋ ಮನಸ್ಸು ಮಾಡಲ್ಲ, ಇಲ್ಲಾ ನಾವೇ ಅಂಥ ಒಂದರೊಳಗೆ ಇರೋ ಸಂಭವ ಬಹಳ ಹೆಚ್ಚು. ಮೂರರಲ್ಲಿ ಒಂದಾದರೂ ನಿಜ ಇರಲೇಬೇಕು ಅಂತ.

ಇದಕ್ಕೆ ಇನ್ನೊಬ್ಬ ತತ್ತ್ವಜ್ಞ ಡೇವಿಡ್ ಚಾಮರ್ಸ್ 2022ರ ತಮ್ಮ ಪುಸ್ತಕದಲ್ಲಿ ಕೊಟ್ಟ ಉತ್ತರ ಓದಿದಾಗ ಮಾಧ್ವರ ಮನೆಯಲ್ಲಿ ಬೆಳೆದವರಿಗೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸುತ್ತೆ. ನಾವು ಸಿಮ್ಯುಲೇಷನ್ ಒಳಗೇ ಇದ್ದರೂ ನಮ್ಮ ಮೇಜು ಕುರ್ಚಿ ಸುಳ್ಳಾಗಲ್ಲ, ಅವು ಯಾವುದರಿಂದ ಆಗಿವೆ ಅನ್ನೋ ನಮ್ಮ ತಿಳಿವಳಿಕೆ ಮಾತ್ರ ಬದಲಾಗುತ್ತೆ ಅಂತ ಅವರು ವಾದಿಸ್ತಾರೆ.

ಆಚಾರ್ಯರು ಕನಸಿನ ಬಗ್ಗೆ ಹೇಳಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಅವರ ಪ್ರಕಾರ ಕನಸಿನ ವಸ್ತುಗಳೂ ಸುಳ್ಳಲ್ಲ. ಮನಸ್ಸಿನಲ್ಲಿ ಕೂಡಿಬಿದ್ದ ವಾಸನೆಗಳನ್ನೇ ಸಾಮಗ್ರಿ ಮಾಡಿಕೊಂಡು ಭಗವಂತ ಕನಸಿನ ಆನೆ, ರಥ, ಊರುಗಳನ್ನು ತೋರಿಸ್ತಾನೆ. ಅವು ವಾಸನೆಯಿಂದಾದ ನಿಜ ವಸ್ತುಗಳು. ಅವನ್ನು ಎಚ್ಚರದ ಆನೆ ಅಂತ ತಿಳಿದರೆ ಅದು ಭ್ರಾಂತಿ. ತಪ್ಪು ಇರೋದು ಒಂದನ್ನು ಇನ್ನೊಂದು ಅಂತ ತಿಳಿಯೋದರಲ್ಲಿ.

ಕಪ್ಪೆಚಿಪ್ಪನ್ನು ಬೆಳ್ಳಿ ಅಂದುಕೊಳ್ಳೋ ಪ್ರಸಿದ್ಧ ಉದಾಹರಣೆಯಲ್ಲೂ ಅಷ್ಟೇ. ಚಿಪ್ಪಿನ ಜಾಗದಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಒಪ್ಪೋಣ. ಆದರೆ ಆ ಭ್ರಮೆ ಹುಟ್ಟಬೇಕಾದರೆ ಎದುರಿಗೆ ನಿಜವಾದ ಚಿಪ್ಪು ಬೇಕು, ಬೇರೆಲ್ಲೋ ನಿಜವಾದ ಬೆಳ್ಳಿಯನ್ನು ನಾವು ನೋಡಿರಬೇಕು, ಎರಡಕ್ಕೂ ಹೋಲಿಕೆ ಇರಬೇಕು. ಜಗತ್ತೆಲ್ಲ ಭ್ರಮೆ ಅನ್ನೋದಾದರೆ, ಇದನ್ನು ಹೋಲುವ ಇನ್ನೊಂದು ನಿಜ ಜಗತ್ತು ಎಲ್ಲಿದೆ ತೋರಿಸು ಅಂತ ಆಚಾರ್ಯರ ಮನೆಯವರು ಕೇಳ್ತಾರೆ. ಮ್ಯಾಟ್ರಿಕ್ಸ್ ಸಿನಿಮಾ ತನಗೆ ಗೊತ್ತಿಲ್ಲದೆಯೇ ಈ ವಾದವನ್ನು ಒಪ್ಪಿಬಿಟ್ಟಿದೆ ನೋಡಿ! ಯಂತ್ರಗಳು ತೋರಿಸೋ ಸುಳ್ಳು ಊರು ಯಾವುದು? ಇಪ್ಪತ್ತನೇ ಶತಮಾನದ ಕೊನೆಯಲ್ಲಿ ನಿಜವಾಗಿ ಇದ್ದ ಊರಿನ ನಕಲು. ನಿಜದ ಊರೇ ಇರದಿದ್ದರೆ ನಕಲಿಗೆ ಅಚ್ಚು ಎಲ್ಲಿಂದ ಬರ್ತಿತ್ತು?

ಇನ್ನು ಸಿಮ್ಯುಲೇಷನ್ ಓಡಿಸುವವನು ದೇವರಾ? ಎರಡನೇ ಭಾಗದಲ್ಲಿ ಬರೋ 'ಆರ್ಕಿಟೆಕ್ಟ್' ಅನ್ನೋ ಪಾತ್ರ, ಬಿಳಿ ಗಡ್ಡ, ಬಿಳಿ ಸೂಟು, ಗೋಡೆ ತುಂಬ ಪರದೆಗಳು, ದೇವರ ಹಾಗೇ ಕಾಣ್ತಾನೆ. ಆದರೆ ಅವನು ಕಟ್ಟಿದ ಮೊದಲ ಜಗತ್ತು ಕುಸಿದುಬಿತ್ತು. ಮನುಷ್ಯನ ಮನಸ್ಸು ಅವನಿಗೆ ಅರ್ಥವಾಗಲಿಲ್ಲ, ಇನ್ನೊಬ್ಬರ ಸಹಾಯ ಬೇಕಾಯಿತು. ಎಂದರೆ ಅವನೂ ಅಸ್ವತಂತ್ರ. ನಮ್ಮ ಮೇಲೆ ಎಂಥ ದೊಡ್ಡ ಪ್ರೋಗ್ರಾಮರ್ ಇದ್ದರೂ ಅವನಿಗೂ ಕರೆಂಟು ಬೇಕು, ಅವನ ಬುದ್ಧಿಗೂ ಪ್ರೇರಕ ಒಬ್ಬ ಬೇಕು. ದಾಸರು ದೇವರನ್ನು ಹುಡುಕೋದು ಆ ಏಣಿಯ ಇನ್ನೊಂದು ಮೆಟ್ಟಿಲಲ್ಲಿ ಅಲ್ಲ. ಏಣಿಯ ಪ್ರತಿ ಮೆಟ್ಟಿಲಿನ ಒಳಗೂ ಹೊರಗೂ ನಿಂತು ಅದನ್ನು ಹಿಡಿದಿರೋ ಅಂತರ್ಯಾಮಿಯನ್ನು ಅವರು ಹಾಡಿದರು.

ಸುಳ್ಳು ಜಗತ್ತಿನ ನಿಜವಾದ ಹೆಣಗಳು

ಇಷ್ಟು ಹೊತ್ತು ತತ್ತ್ವ ಆಯಿತು. ನನ್ನನ್ನು ಹೆಚ್ಚು ಕಾಡೋದು ಮುಂದಿನದು.

ಮೊದಲ ಭಾಗದಲ್ಲಿ ಒಂದು ತರಬೇತಿಯ ದೃಶ್ಯ ಇದೆ. ಜನ ತುಂಬಿದ ಬೀದಿಯಲ್ಲಿ ನಡೀತಾ ಮಾರ್ಫಿಯಸ್ ನಿಯೋಗೆ ಹೇಳ್ತಾನೆ: ಈ ಜನರನ್ನೇ ನಾವು ಉಳಿಸಬೇಕಾದ್ದು, ಆದರೆ ಎಚ್ಚರವಾಗೋ ತನಕ ಇವರೆಲ್ಲ ಆ ವ್ಯವಸ್ಥೆಯ ಭಾಗ, ಆದ್ದರಿಂದ ನಮ್ಮ ಶತ್ರುಗಳು. ಮುಂದೆ ಒಂದು ದೊಡ್ಡ ಕಟ್ಟಡದ ಮೊಗಸಾಲೆಗೆ ನಿಯೋ ಮತ್ತು ಟ್ರಿನಿಟಿ ಬಂದೂಕು ಹೊತ್ತು ನುಗ್ತಾರೆ. ಕಾವಲುಗಾರರು ಸಾಲುಸಾಲಾಗಿ ಬೀಳ್ತಾರೆ. ಸಂಗೀತ ಜೋರು, ಕಂಬದ ಕಲ್ಲು ಹಾರುತ್ತೆ, ನೋಡೋಕೆ ರೋಮಾಂಚ. ಆದರೆ ಸಿನಿಮಾದ ನಿಯಮದ ಪ್ರಕಾರ ಒಳಗೆ ಸತ್ತವನು ಹೊರಗಿನ ತೊಟ್ಟಿಯಲ್ಲೂ ಸಾಯ್ತಾನೆ. ಆ ಕಾವಲುಗಾರರು ಯಂತ್ರಗಳಲ್ಲ, ನಿಯೋನ ಹಾಗೇ ಮಲಗಿರೋ ಮನುಷ್ಯರು. ಹೊಟ್ಟೆಪಾಡಿಗೆ ಬಾಗಿಲು ಕಾಯ್ತಿದ್ದವರು. ಅವರಿಗೊಂದು ಹೆಸರೂ ಇಲ್ಲ, ಅವರಿಗಾಗಿ ಒಂದು ಕ್ಷಣದ ದುಃಖವೂ ಇಲ್ಲ.

ಊರು ಸುಳ್ಳು ಅಂತ ಒಪ್ಪಿದ ಮೇಲೆ ಊರಿನ ಜನವೂ ಸ್ವಲ್ಪ ಸುಳ್ಳಾಗಿಬಿಡ್ತಾರೆ. "ನಾನು ಎಚ್ಚೆತ್ತವನು, ಇವರೆಲ್ಲ ನಿದ್ದೆಯಲ್ಲಿರೋರು" ಅನ್ನೋ ಅಹಂಕಾರ ಮೆಲ್ಲಗೆ ಒಳಗೆ ಬರುತ್ತೆ. ಇವತ್ತು ಇಂಟರ್ನೆಟ್‌ನಲ್ಲಿ 'ಕೆಂಪು ಮಾತ್ರೆ ನುಂಗಿದೋರು' ಅಂತ ತಮ್ಮನ್ನು ಕರೆದುಕೊಂಡು, ಹೆಂಗಸರನ್ನೋ ಬೇರೆಯವರನ್ನೋ ಹೀಯಾಳಿಸೋ ಗುಂಪುಗಳನ್ನು ನಮ್ಮ ಹದಿಹರೆಯದ ಹುಡುಗರು ನೋಡ್ತಿದ್ದಾರೆ ಅನ್ನೋದು ಅಪ್ಪ ಅಮ್ಮಂದಿರಿಗೆ ಗೊತ್ತಿರಲಿ. ಸಿನಿಮಾ ಮಾಡಿದವರು ಅದನ್ನು ಬಯಸಿದ್ದರು ಅಂತ ನಾನು ಹೇಳ್ತಿಲ್ಲ. ಆದರೆ ಆ ಮಾತ್ರೆಯ ರುಚಿಯಲ್ಲೇ ಈ ಅಪಾಯ ಇದೆ.

ದಾಸರಿಗೂ ಎಚ್ಚರ ಆಯಿತು. ಎಚ್ಚರ ಆದವರು ತಮಗೆ ಇಟ್ಟುಕೊಂಡ ಹೆಸರು ಏನು? ದಾಸ. ನಿಯೋ ಅನ್ನೋ ಹೆಸರಿನ ಅಕ್ಷರ ಹಿಂದೆಮುಂದೆ ಮಾಡಿದರೆ ಇಂಗ್ಲಿಷಿನಲ್ಲಿ 'ಒಬ್ಬ' ಅಂತಾಗುತ್ತೆ, ಜಗತ್ತನ್ನೇ ಉಳಿಸೋ ಆ ಒಬ್ಬನೇ ಒಬ್ಬ. ನಮ್ಮವರು ಎಚ್ಚೆತ್ತ ಮೇಲೆ ತಂಬೂರಿ ಹಿಡಿದು ಮನೆಮನೆಯ ಬಾಗಿಲಲ್ಲಿ ಹಿಡಿ ಅಕ್ಕಿಗೆ ನಿಂತರು. ಯಾವ ಬಾಗಿಲೂ ಶತ್ರುವಿನದಾಗಿರಲಿಲ್ಲ.

ಸೈಫರ್ ಅನ್ನೋ ಪಾತ್ರದ ಬಗ್ಗೆಯೂ ಒಂದು ಮಾತು. ಹೊರಗಿನ ಕಷ್ಟ ಸಾಕಾಗಿ, ಮತ್ತೆ ಸುಳ್ಳಿನೊಳಗೇ ಸುಖವಾಗಿರ್ತೀನಿ ಅಂತ ಅವನು ಒಳ್ಳೆ ಹೋಟೆಲಿನಲ್ಲಿ ಕೂತು ಶತ್ರುಗಳ ಜೊತೆ ಒಪ್ಪಂದ ಮಾಡ್ತಾನೆ. ಮಕ್ಕಳ ಜೊತೆ ಮಾತಾಡುವಾಗ ಅವನ ತಪ್ಪು ಯಾವುದು ಅಂತ ಕೇಳಿ ನೋಡಿ. ಬಹಳ ಮಕ್ಕಳು "ನಿಜ ಬಿಟ್ಟು ಸುಳ್ಳು ಊಟ ಆರಿಸಿಕೊಂಡ" ಅಂತಾರೆ. ಅಷ್ಟೇ ಆಗಿದ್ದರೆ ಅವನ ಮೇಲೆ ಕನಿಕರ ಪಡಬಹುದಿತ್ತು. ಅವನು ಆ ಊಟಕ್ಕೆ ಬೆಲೆಯಾಗಿ ಕೊಟ್ಟಿದ್ದು ತನ್ನ ಜೊತೆಗಾರರ ಪ್ರಾಣ. ಊಟ ಯಾವುದರಿಂದ ಆಗಿತ್ತೋ ಏನೋ, ದ್ರೋಹ ಮಾತ್ರ ಅಪ್ಪಟ ನಿಜ.

ಹಾಗೇ ಏಜೆಂಟ್ ಸ್ಮಿತ್. ಮುಂದಿನ ಭಾಗಗಳಲ್ಲಿ ಅವನು ಮುಟ್ಟಿದವರನ್ನೆಲ್ಲ ತನ್ನ ಹಾಗೇ ಮಾಡಿಬಿಡ್ತಾನೆ. ಕೊನೆಗೆ ಊರ ತುಂಬ ಸ್ಮಿತ್‌ಗಳೇ. ಒಂದು ಅಹಂಕಾರ ಉಬ್ಬಿ ಉಬ್ಬಿ ಉಳಿದವರನ್ನೆಲ್ಲ ನುಂಗಿದ ಚಿತ್ರ ಅದು. ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಲ್ಲ, ಜೀವಜೀವರ ಭೇದ ಸತ್ಯ ಅನ್ನೋ ತತ್ತ್ವದ ಬೆಲೆ ಆ ಸಂಕಟದಲ್ಲಿ ತಿಳಿಯುತ್ತೆ. ನನ್ನ ಹೆಂಡತಿ ನನ್ನ ಇನ್ನೊಂದು ಪ್ರತಿ ಅಲ್ಲ. ನನ್ನ ಮಗ ನನ್ನ ಎರಡನೇ ಅವಕಾಶ ಅಲ್ಲ. ಪ್ರತಿ ಜೀವಕ್ಕೂ ಅದರದೇ ಸ್ವರೂಪ, ಅದರೊಳಗೆ ಅದಕ್ಕೊಬ್ಬ ಬಿಂಬರೂಪಿ.

ಯಾರೂ ಇಲ್ಲದ ಜಾಗ

ವ್ಯಾಸರಾಯರು ಶಿಷ್ಯರಿಗೆಲ್ಲ ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಕಡೆ ತಿಂದು ಬನ್ನಿ ಅಂದ ಐತಿಹ್ಯ ನಿಮಗೆ ಗೊತ್ತೇ ಇದೆ. ಕನಕದಾಸರು ಹಣ್ಣನ್ನು ಹಾಗೇ ವಾಪಸ್ಸು ತಂದರು. ದೇವರು ನೋಡದ ಜಾಗ ಅವರಿಗೆ ಸಿಗಲಿಲ್ಲ.

ಸೈನ್ಸ್ ಫಿಕ್ಷನ್‌ನಲ್ಲಿ ಯಾರೋ ನಮ್ಮನ್ನು ನೋಡ್ತಾ ಇದ್ದಾರೆ ಅಂದರೆ ಅದು ಭಯದ ವಿಷಯ. ಕ್ಯಾಮೆರಾ, ಪರದೆ, ಏಜೆಂಟರು. ನೋಡುವವನಿಗೆ ನಮ್ಮಿಂದ ಏನೋ ಬೇಕು. ಕನಕದಾಸರಿಗೆ ಅದೇ ಅರಿವು ಭಯ ತರಲಿಲ್ಲ, ಜೊತೆ ಕೊಟ್ಟಿತು. ಏನೂ ಬೇಡದವನು ನೋಡುವ ನೋಟಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೆ ಮಾತಿದೆ, ಕಟಾಕ್ಷ. ಮನೆಯವರು ಊರಿಗೆ ಹೋಗಿ, ಹೊರಗೆ ಹಿಮ ಬೀಳ್ತಾ, ಒಬ್ಬರೇ ಕೂತ ರಾತ್ರಿ ಈ ಎರಡು ನೋಟಗಳ ವ್ಯತ್ಯಾಸ ಪರದೇಶದಲ್ಲಿರೋರಿಗೆ ಬೇಗ ತಿಳಿಯುತ್ತೆ.

ಇದರಿಂದ ಇನ್ನೊಂದು ದಿನನಿತ್ಯದ ಪ್ರಶ್ನೆಗೂ ದಾರಿ ಸಿಗುತ್ತೆ. ಆನ್‌ಲೈನ್ ಭಜನೆ ನಿಜವಾದ ಭಜನೆಯಾ? 2020ರಲ್ಲಿ ಎಲ್ಲರೂ ಮನೆಯೊಳಗೇ ಇದ್ದಾಗ ಝೂಮ್‌ನಲ್ಲಿ ಸೇರಿ ಹಾಡಿದೆವು. ತಾಳ ಒಬ್ಬರದು ಮುಂದೆ, ಒಬ್ಬರದು ಹಿಂದೆ. ಪರದೆಯ ಮೇಲಿನ ಅಜ್ಜಿಯ ಮುಖ ಬೆಳಕಿನ ಚುಕ್ಕಿಗಳು ಅನ್ನೋದು ಸರಿ, ಅದನ್ನೇ ಅಜ್ಜಿ ಅಂತ ತಿಳಿದರೆ ಚಿಪ್ಪನ್ನು ಬೆಳ್ಳಿ ಅಂದ ಹಾಗೆ. ಆದರೆ ಆ ಕಡೆ ಕೂತು ಹಾಡ್ತಿರೋ ಅಜ್ಜಿ ನಿಜ, ಅವರ ಭಕ್ತಿ ನಿಜ, ಕೇಳಿಸಿಕೊಳ್ತಿರೋ ವಿಠಲ ನಿಜ. ಹಾಗೇ ಆಟದೊಳಗೆ ಹೆಸರಿಲ್ಲದೆ ಮುಖವಿಲ್ಲದೆ ಒಬ್ಬರಿಗೆ ಬೈದರೆ, ಬೈಸಿಕೊಂಡವನ ನೋವೂ ನಿಜ. "ಅದು ಗೇಮ್ ಅಷ್ಟೇ" ಅನ್ನೋ ಸಮಾಧಾನ ಬಾಳೆಹಣ್ಣನ್ನು ಬಾಗಿಲ ಹಿಂದೆ ತಿಂದು ಬಂದ ಶಿಷ್ಯರ ಸಮಾಧಾನದ ಥರದ್ದು.

ಈ ಊರೂ ಸತ್ಯ

ಕೊನೆಗೆ ನಮ್ಮದೇ ವಿಷಯ. ಹೊರದೇಶದಲ್ಲಿರೋ ನಮಗೆ ಯಾವ ಸಿನಿಮಾದ ಸಹಾಯವೂ ಇಲ್ಲದೆ ಒಂದು ಮ್ಯಾಟ್ರಿಕ್ಸ್ ತಾನಾಗೇ ಕಟ್ಟಿಕೊಳ್ಳುತ್ತೆ. ನಿಜವಾದ ಬದುಕು ಅಲ್ಲಿ, ಊರಲ್ಲಿ. ಇಲ್ಲಿನದು ನಾಲ್ಕು ದಿನದ್ದು, ಸಂಬಳಕ್ಕಾಗಿ, ಮಕ್ಕಳ ಓದಿಗಾಗಿ. ಹೀಗೆ ಅಂದುಕೊಂಡು ಇಪ್ಪತ್ತು ವರ್ಷ ಕಳೆದವರಿದ್ದಾರೆ. ಪಕ್ಕದ ಮನೆಯ ಮುದುಕರ ಹೆಸರು ಗೊತ್ತಿಲ್ಲ, ಬೀದಿಯ ಮರದ ಹೆಸರು ಗೊತ್ತಿಲ್ಲ. ಇದಕ್ಕೆ ವೈರಾಗ್ಯ ಅಂತ ಹೆಸರು ಕೊಟ್ಟರೆ ಕೇಳೋಕೆ ಚೆನ್ನಾಗಿರುತ್ತೆ. ದಾಸರ ವೈರಾಗ್ಯ ಇದಲ್ಲ. ಅವರು ಊರೂರು ತಿರುಗಿದರು, ಯಾವ ಊರನ್ನೂ ತಮ್ಮದು ಅಂತ ಹಿಡಿದುಕೊಳ್ಳಲಿಲ್ಲ. ಆದರೆ ಹೋದ ಊರಿನ ದೇವರನ್ನು ನೋಡಿದರು, ಆ ಊರಿನ ಜನಕ್ಕೆ ಅವರ ಮಾತಲ್ಲೇ ಹಾಡಿದರು, ಸಂತೆಯಲ್ಲಿ ಮಾರೋ ವಸ್ತುಗಳನ್ನೇ ಹಿಡಿದು ತತ್ತ್ವ ಹೇಳಿದರು.

ಬಾಡಿಗೆ ಮನೆ ಅಂತ ಕಸ ಗುಡಿಸದೆ ಬಿಡ್ತೀವಾ? ತುಳಸಿ ಕುಂಡ ಇಡಲ್ವಾ? ಇಲ್ಲಿನ ನೆಲವೂ ಹರಿಯ ಅಧೀನದ ನೆಲವೇ, ಇಲ್ಲಿನ ನೆರೆಯವರೊಳಗೂ ಅವನೇ ಅಂತರ್ಯಾಮಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರೋ ಮುದುಕರ ಬಾಗಿಲ ಮುಂದಿನ ಹಿಮ ತೆಗೆದುಕೊಟ್ಟರೆ, ಅದೂ ಸೇವೆಯ ಲೆಕ್ಕಕ್ಕೇ ಸೇರುತ್ತೆ.

ಮುಂದಿನ ಸಲ ಮಕ್ಕಳು ಮ್ಯಾಟ್ರಿಕ್ಸ್ ಬಗ್ಗೆ ಕೇಳಿದಾಗ, ನಮ್ಮ ಋಷಿಗಳು ಆಗಲೇ ಹೇಳಿದ್ರು ಅಂತ ಮಾತು ಮುಗಿಸಿಬಿಡಬೇಡಿ. ಅವರನ್ನು ದೇವರ ಮುಂದೆ ಕರೆದುಕೊಂಡು ಹೋಗಿ, ನೈವೇದ್ಯಕ್ಕೆ ಇಟ್ಟ ಪಾಯಸ ತೋರಿಸಿ. ಇದು ಸುಳ್ಳಾಗಿದ್ದರೆ ದೇವರಿಗೆ ನಾವು ಏನನ್ನು ಕೊಟ್ಟ ಹಾಗಾಯಿತು ಅಂತ ಕೇಳಿ. ಇದು ನಮ್ಮದೇ ಆಗಿದ್ದರೆ ಅವನಿಗೆ ಯಾಕೆ ಕೊಡಬೇಕು ಅಂತಲೂ ಕೇಳಿ. ಹಾಲು, ಅಕ್ಕಿ, ಬೆಲ್ಲ ಎಲ್ಲ ನಿಜ, ಎಲ್ಲ ಅವನದು. ಅವನದನ್ನೇ ಅವನಿಗೆ ಒಪ್ಪಿಸಿ, ಅವನ ಪ್ರಸಾದ ಅಂತ ವಾಪಸ್ಸು ತಗೊಳ್ತೀವಿ. ಆಮೇಲೆ ಹಂಚಿ ತಿಂತೀವಿ. ಪ್ರತಿ ಪೂಜೆಯ, ಪ್ರತಿ ಬರಹದ ಕೊನೆಯಲ್ಲಿ ಅಭ್ಯಾಸಬಲದಿಂದ ನಾವು ಹೇಳಿಬಿಡೋ ಆ ಒಂದು ಮಾತಿನೊಳಗೆ ಇಷ್ಟೂ ಇದೆ.

ಶ್ರೀ ಕೃಷ್ಣಾರ್ಪಣಮಸ್ತು.